ಮೆಟ್ರೊ ಮೆಟ್ಟಿಲಿನಿಂದ ಮನೆ ಬಾಗಿಲವರೆಗೆ: ಬೆಂಗಳೂರಿನಲ್ಲಿ ಯಾರ ಲೆಕ್ಕಕ್ಕೂ ಸೇರದ ದಾರಿ

2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೃಷ್ಣರಾಜಪುರದವರೆಗಿನ 13.71 ಕಿಲೋಮೀಟರ್ ಮೆಟ್ರೊ ಮಾರ್ಗದ ಉದ್ಘಾಟನೆಯಾಯಿತು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ಹೋಗುವ ನೇರಳೆ ಮಾರ್ಗ 2011ರ ಅಕ್ಟೋಬರ್‌ನಿಂದಲೇ ಓಡುತ್ತಿತ್ತು. ಇವೆರಡರ ನಡುವೆ ಉಳಿದಿದ್ದದ್ದು ಸುಮಾರು ಎರಡು ಕಿಲೋಮೀಟರ್ ಮಾತ್ರ. ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಗರ್ಡರ್ ಕೂರಿಸುವ ಕೆಲಸ ತಡವಾದ್ದರಿಂದ ಆ ತುಂಡು ತೆರೆಯಲು ಅಕ್ಟೋಬರ್ 9ರವರೆಗೆ ಕಾಯಬೇಕಾಯಿತು. ಅಷ್ಟೂ ತಿಂಗಳು ಪ್ರಯಾಣಿಕರು ಒಂದು ನಿಲ್ದಾಣದಲ್ಲಿ ಇಳಿದು, ಸಂಪರ್ಕ ಬಸ್ಸಿಗೆ ಹತ್ತಿ, ಟಿನ್ ಫ್ಯಾಕ್ಟರಿ ಎಂಬ ಜಾಗದ ದಟ್ಟಣೆಯಲ್ಲಿ ಸಿಲುಕಿ, ಮತ್ತೊಂದು ನಿಲ್ದಾಣದ ಮೆಟ್ಟಿಲು ಹತ್ತಬೇಕಿತ್ತು. ಐಟಿ ಉದ್ಯೋಗಿಗಳ ಬಹುದಿನದ ಬೇಡಿಕೆಯಾಗಿದ್ದ ಆ ಹೊಸ ಮಾರ್ಗದಲ್ಲಿ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಎರಡು ಕಿಲೋಮೀಟರ್ ಕೂಡಿಕೊಂಡ ಕೂಡಲೇ ಅದೇ ರೈಲುಗಳು ತುಂಬತೊಡಗಿದವು.

ಆ ಕೊರತೆ ಎಲ್ಲರ ಕಣ್ಣಿಗೂ ಬಿತ್ತು, ಏಕೆಂದರೆ ಅದು ಮೆಟ್ರೊ ನಕ್ಷೆಯ ಮೇಲೆಯೇ ಇತ್ತು. ಪತ್ರಿಕೆಗಳು ಬರೆದವು, ಜನಪ್ರತಿನಿಧಿಗಳು ಪ್ರಶ್ನಿಸಿದರು, ನಿಗಮ ಗಡುವುಗಳನ್ನು ಹೇಳಬೇಕಾಯಿತು. ಆದರೆ ನಿಲ್ದಾಣದ ಮೆಟ್ಟಿಲಿನಿಂದ ಬಸ್ ತಂಗುದಾಣದವರೆಗಿನ ಮುನ್ನೂರು ಮೀಟರ್, ತಂಗುದಾಣದಿಂದ ಮನೆಯವರೆಗಿನ ಐನೂರು ಮೀಟರ್ ಯಾವ ನಕ್ಷೆಯಲ್ಲೂ ಬರುವುದಿಲ್ಲ. ಆ ದಾರಿಯಲ್ಲಿ ಕಲ್ಲುಚಪ್ಪಡಿ ಕುಸಿದಿದ್ದರೆ, ಬೀದಿದೀಪ ಉರಿಯದಿದ್ದರೆ, ರಸ್ತೆ ದಾಟಲು ಜಾಗವೇ ಇಲ್ಲದಿದ್ದರೆ ಅದರಿಂದಲೂ ಪ್ರಯಾಣಿಕರ ಸಂಖ್ಯೆ ಕುಗ್ಗುತ್ತದೆ. ಬೆನ್ನಿಗಾನಹಳ್ಳಿಯಲ್ಲಿ ಆದದ್ದೂ ಅದೇ. ವ್ಯತ್ಯಾಸವೆಂದರೆ, ಇಲ್ಲಿ ಗಡುವು ಕೇಳಲು ಯಾವ ಕಚೇರಿಗೆ ಹೋಗಬೇಕೆಂಬುದು ಯಾರಿಗೂ ಸ್ಪಷ್ಟವಾಗಿ ಗೊತ್ತಿಲ್ಲ. ಬೆಂಗಳೂರಿನ ಸಾರಿಗೆಯ ತೊಂದರೆಗೆ ಯೋಜನೆಗಳ ಅಭಾವವನ್ನಾಗಲಿ ಹಣದ ಅಭಾವವನ್ನಾಗಲಿ ಮುಖ್ಯ ಕಾರಣವೆಂದು ನಾನು ನಂಬುವುದಿಲ್ಲ. ರಸ್ತೆ ಸುಧಾರಣೆಯನ್ನು ಒಂದು ಕೈ, ಬಸ್ಸನ್ನು ಇನ್ನೊಂದು ಕೈ, ಮೆಟ್ರೊವನ್ನು ಮತ್ತೊಂದು ಕೈ ಮಾಡುತ್ತಿರುವಾಗ, ಇವುಗಳ ನಡುವೆ ನಡೆದು ಹೋಗುವ ಮನುಷ್ಯನ ದಾರಿ ಯಾರ ಕೆಲಸವೂ ಆಗದೆ ಉಳಿದಿರುವುದೇ ಮೂಲ ತೊಡಕು.

ನೀತಿಯ ಮಟ್ಟದಲ್ಲಿ ಇದು ಹೊಸ ಮಾತಲ್ಲ. ರಸ್ತೆಯ ಜಾಗವನ್ನು ವಾಹನಗಳ ಬದಲು ಜನರನ್ನು ಲೆಕ್ಕಕ್ಕೆ ಹಿಡಿದು ಹಂಚಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. 2017ರ ಕೇಂದ್ರ ಮೆಟ್ರೊ ರೈಲು ನೀತಿ ಇನ್ನೂ ಮುಂದೆ ಹೋಗಿ, ಪ್ರತಿ ನಿಲ್ದಾಣದ ಸುತ್ತ ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಂಪರ್ಕ ಬಸ್ಸು, ಪಾದಚಾರಿ ಮಾರ್ಗ, ಸೈಕಲ್ ದಾರಿಗಳನ್ನು ಒದಗಿಸುವ ಹೊಣೆಯನ್ನು ರಾಜ್ಯಗಳು ಯೋಜನಾ ವರದಿಯಲ್ಲಿಯೇ ಒಪ್ಪಿಕೊಳ್ಳಬೇಕೆಂದು ವಿಧಿಸಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಆಗಿದೆ ಎಂದಿತು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ ಸುಮಾರು 1.68 ಲಕ್ಷ ಜನರಲ್ಲಿ 32,800ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು ಎಂಬ ಸರ್ಕಾರಿ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನ್ಯಾಯಾಲಯ ಜೀವದ ಮಾತನ್ನು ಏಕೆ ಎತ್ತಿತೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೂ ಬೆಂಗಳೂರಿನ ಫುಟ್‌ಪಾತ್ ಏಕೆ ಹೀಗಿದೆ? ಇದಕ್ಕೆ ಉತ್ತರ ಬಹುಮಟ್ಟಿಗೆ ಅದರ ಕೆಳಗಿದೆ. ನಮ್ಮ ಊರಿನ ಬಹುಪಾಲು ಪಾದಚಾರಿ ಮಾರ್ಗಗಳು ನಡೆಯುವುದಕ್ಕೆಂದು ಹುಟ್ಟಿದವಲ್ಲ. ರಸ್ತೆ ಬದಿಯ ಮಳೆನೀರಿನ ಚರಂಡಿಯ ಮುಚ್ಚಳವಾಗಿ ಹುಟ್ಟಿದವು. ಚರಂಡಿಯ ಗೋಡೆಯ ಮೇಲೆ ಕಲ್ಲುಚಪ್ಪಡಿ ಹಾಸಿದರೆ ಅದೇ ಫುಟ್‌ಪಾತ್. ಹೂಳೆತ್ತಲು ಚಪ್ಪಡಿ ಎಬ್ಬಿಸಬೇಕು, ಎಬ್ಬಿಸಿದ್ದು ಮೊದಲಿನಂತೆ ಕೂರುವುದಿಲ್ಲ. ಚರಂಡಿಯ ಮಟ್ಟಕ್ಕೆ ತಕ್ಕಂತೆ ಅದರ ಎತ್ತರ, ಆದ್ದರಿಂದ ಎಲ್ಲೋ ಒಂದು ಗೇಣು, ಎಲ್ಲೋ ಮೊಣಕಾಲುದ್ದ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಒಳಗೆ ಹೋಗಲು ಅದನ್ನು ಇಳಿಜಾರಾಗಿ ಕಡಿದಿರುತ್ತಾರೆ. ಅದೇ ಪಟ್ಟಿಯ ಮೇಲೆ ವಿದ್ಯುತ್ ಪರಿವರ್ತಕ, ದೂರಸಂಪರ್ಕದ ಪೆಟ್ಟಿಗೆ, ಸಂಚಾರ ದೀಪದ ಕಂಬ, ಜಾಹೀರಾತು ಫಲಕ. ಅದರಡಿಯಲ್ಲಿ ಜಲಮಂಡಳಿಯ ಕೊಳವೆ, ಬೆಸ್ಕಾಂ ಕೇಬಲ್, ಖಾಸಗಿ ಕಂಪನಿಗಳ ಫೈಬರ್. ಒಬ್ಬೊಬ್ಬರೂ ತಮ್ಮ ತಮ್ಮ ಕಾಲಕ್ಕೆ ಬಂದು ಅಗೆಯುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪಾದಚಾರಿಗೆ ಕನಿಷ್ಠ 1.8 ಮೀಟರ್ ಅಡಚಣೆಯಿಲ್ಲದ ಅಗಲ ಇರಬೇಕೆನ್ನುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾದರೂ ಹಾದುಹೋಗಬಹುದಾದ ಅಗಲ ಅದು.

ನನ್ನ ತಾಯಿಗೆ ಎಪ್ಪತ್ತು ದಾಟಿದೆ. ಮನೆಯಿಂದ ಮೆಟ್ರೊ ನಿಲ್ದಾಣ ಮುಕ್ಕಾಲು ಕಿಲೋಮೀಟರ್ ಇರಬಹುದು. ನಿಲ್ದಾಣದೊಳಗೆ ಲಿಫ್ಟ್ ಇದೆ, ರೈಲಿನಲ್ಲಿ ಕಾಯ್ದಿರಿಸಿದ ಆಸನ ಇದೆ, ಅಲ್ಲಿಗೆ ತಲುಪಿದರೆ ಅವರಿಗೆ ಯಾವ ಕಷ್ಟವೂ ಇಲ್ಲ. ಆದರೆ ಆ ದಾರಿಯಲ್ಲಿ ನಾನೊಮ್ಮೆ ಎಣಿಸಿದಾಗ ಇಪ್ಪತ್ತಾರು ಸಲ ಹತ್ತಿ ಇಳಿಯಬೇಕಾಗಿತ್ತು. ಮಂಡಿ ನೋವಿರುವವರು ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು ನಡೆಯುತ್ತಾರೆ. ಅದಕ್ಕೂ ಅಂಜಿಕೆಯಾದರೆ ಆಟೊ ಹಿಡಿಯುತ್ತಾರೆ. ಆಟೊ ಹಿಡಿದ ಮೇಲೆ ನೇರವಾಗಿ ಹೋಗಬೇಕಾದಲ್ಲಿಗೇ ಹೋಗಿಬಿಡುತ್ತಾರೆ. ಮೆಟ್ರೊ ತನ್ನ ಪ್ರಯಾಣಿಕರನ್ನು ಕಳೆದುಕೊಳ್ಳುವುದು ಹೀಗೆ, ಟಿಕೆಟ್ ಗೇಟಿನಿಂದ ಬಹಳ ದೂರದಲ್ಲಿ.

ಈ ಹಿನ್ನೆಲೆಯಲ್ಲಿ ನೋಡಿದರೆ ಟೆಂಡರ್ ಶ್ಯೂರ್ ಎಂಬ ರಸ್ತೆ ಮರುನಿರ್ಮಾಣ ಯೋಜನೆಯ ಮಹತ್ವ ತಿಳಿಯುತ್ತದೆ. ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ಕಮಿಸರಿಯೇಟ್ ರಸ್ತೆ ಮತ್ತು ವಿಠಲ್ ಮಲ್ಯ ರಸ್ತೆ ಮೊದಲ ಹಂತದಲ್ಲಿ ಹೊಸ ರೂಪ ಪಡೆದವು. ನೋಡಿದವರ ಗಮನ ಸೆಳೆದದ್ದು ಅಗಲವಾದ, ಸಮತಟ್ಟಾದ ನಡಿಗೆಯ ಜಾಗ. ಆದರೆ ಆ ಯೋಜನೆಯ ನಿಜವಾದ ತಿರುಳು ನೆಲದ ಕೆಳಗಿತ್ತು. ನೀರು, ಒಳಚರಂಡಿ, ಮಳೆನೀರು, ವಿದ್ಯುತ್, ಫೈಬರ್ ಪ್ರತಿಯೊಂದಕ್ಕೂ ನಿಗದಿತ ಸ್ಥಾನ, ಕೇಬಲ್ ಎಳೆಯಲು ಡಕ್ಟ್, ಅಲ್ಲಲ್ಲಿ ತೆರೆಯಲು ಕೋಣೆ. ಹೊಸ ಕೇಬಲ್ ಬೇಕಾದಾಗ ರಸ್ತೆ ಅಗೆಯುವ ಬದಲು ಡಕ್ಟ್‌ನೊಳಗೆ ತೂರಿಸಬಹುದು. ರಸ್ತೆಯನ್ನು ಅಂಗಳದಂತೆ ನೋಡದೆ ಮನೆಯಂತೆ, ತಳಪಾಯ ಸಹಿತ ಕಟ್ಟಬೇಕೆಂಬ ಈ ತಿಳಿವಳಿಕೆ ಬೆಂಗಳೂರಿಗೆ ಬಂದದ್ದು ಆ ಏಳು ರಸ್ತೆಗಳ ಮೂಲಕ.

ಆಗ ಕೇಳಿಬಂದ ದೊಡ್ಡ ಆಕ್ಷೇಪ, ‘ರಸ್ತೆ ಕಿರಿದಾಯಿತು’ ಎಂಬುದು. ಇಂದಿಗೂ ಯಾವ ಬಡಾವಣೆಯಲ್ಲಿ ಫುಟ್‌ಪಾತ್ ಅಗಲ ಮಾಡಲು ಹೊರಟರೂ ಈ ಮಾತು ಬರುತ್ತದೆ, ಆದ್ದರಿಂದ ಇದನ್ನು ಸಾವಧಾನವಾಗಿ ನೋಡಬೇಕು. ಒಂದು ರಸ್ತೆಯಲ್ಲಿ ಗಂಟೆಗೆ ಎಷ್ಟು ವಾಹನ ಸಾಗುತ್ತವೆ ಎಂಬುದನ್ನು ಅದರ ಅತಿ ಅಗಲದ ಜಾಗ ನಿರ್ಧರಿಸುವುದಿಲ್ಲ. ಅತಿ ಕಿರಿದಾದ ಜಾಗ ಮತ್ತು ಮುಂದಿನ ವೃತ್ತ ನಿರ್ಧರಿಸುತ್ತವೆ. ನಾಲ್ಕು ಸಾಲಿನ ರಸ್ತೆ ನೂರು ಮೀಟರ್ ಮುಂದೆ ಎರಡು ಸಾಲಾಗಿ, ಮತ್ತೆ ಮೂರಾದರೆ, ಪ್ರತಿ ಕಿರಿದುಗೊಳ್ಳುವ ಜಾಗದಲ್ಲೂ ವಾಹನಗಳು ಒತ್ತರಿಸಿಕೊಂಡು ನಿಲ್ಲುತ್ತವೆ. ಉದ್ದಕ್ಕೂ ಒಂದೇ ಅಗಲದ ಸಾಲುಗಳನ್ನು ಕೊಟ್ಟು, ಹೆಚ್ಚುವರಿಯಾಗಿ ಉಳಿದದ್ದನ್ನು ನಡೆಯುವವರಿಗೆ ಬಿಟ್ಟರೆ ಸಂಚಾರಕ್ಕೆ ಆಗುವ ನಷ್ಟ ಅಲ್ಪ. ಆ ಹೆಚ್ಚುವರಿ ಜಾಗ ಮೊದಲು ಬಳಕೆಯಾಗುತ್ತಿದ್ದದ್ದು ಬಹುಪಾಲು ವಾಹನ ನಿಲ್ಲಿಸಲು. ನಿಲ್ಲಿಸಿದ ಒಂದು ಕಾರಿಗೆ ಸುಮಾರು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಬೇಕು. ಅಷ್ಟೇ ನೆಲದಲ್ಲಿ ನಿಯಮದ ಅಗಲದ ಫುಟ್‌ಪಾತ್ ಏಳು ಮೀಟರ್ ಮಾಡಬಹುದು. ಬಾಡಿಗೆಯಿಲ್ಲದೆ ದಿನವಿಡೀ ಆ ನೆಲವನ್ನು ಒಬ್ಬರಿಗೆ ಬಿಟ್ಟುಕೊಡುವುದೂ ಒಂದು ಹಂಚಿಕೆಯೇ, ಅದನ್ನು ಯಾರೂ ಹಾಗೆಂದು ಕರೆಯುತ್ತಿಲ್ಲ, ಅಷ್ಟೆ.

ಟೆಂಡರ್ ಶ್ಯೂರ್ ಮೇಲೆ ನನಗಿರುವ ಆಕ್ಷೇಪ ಬೇರೆಯದು. ಅದು ಊರಿನ ಮಧ್ಯಭಾಗದ, ಆಗಲೇ ಸಾಕಷ್ಟು ಅನುಕೂಲವಿದ್ದ ರಸ್ತೆಗಳಿಂದ ಆರಂಭವಾಯಿತು. ಬಸ್ ಹೆಚ್ಚು ಓಡಾಡುವ, ಕಾಲ್ನಡಿಗೆಯವರು ಹೆಚ್ಚಿರುವ ಮಾಗಡಿ ರಸ್ತೆ, ಟ್ಯಾನರಿ ರಸ್ತೆ, ಹೊಸೂರು ರಸ್ತೆಗಳಿಗೆ ಆ ಗುಣಮಟ್ಟ ಮೊದಲು ಸಿಗಬೇಕಿತ್ತು. 2017ರಲ್ಲಿ ಬೆಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೂ ಹಣ ಹರಿದದ್ದು ಹೆಚ್ಚಾಗಿ ಅದೇ ಕೇಂದ್ರಭಾಗದ ರಸ್ತೆಗಳಿಗೆ.

ಚರ್ಚ್ ಸ್ಟ್ರೀಟ್ ಈ ಕಥೆಯಲ್ಲಿ ಎಲ್ಲರಿಗೂ ಗೊತ್ತಿರುವ ಅಧ್ಯಾಯ. 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸದಾಗಿ ತೆರೆದುಕೊಂಡ ಆ ಬೀದಿಯನ್ನು 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಮುಕ್ತವಾಗಿಟ್ಟಿದ್ದರು. ಜನ ಕುಟುಂಬ ಸಮೇತ ಬಂದರು, ಪುಸ್ತಕದಂಗಡಿಗಳ ಮುಂದೆ ನಿಂತರು, ಮಕ್ಕಳು ರಸ್ತೆಯ ನಡುವೆ ಓಡಿದರು. ಅವಧಿ ಮುಗಿದ ಮೇಲೆ ವಾಹನಗಳು ಮರಳಿದವು, ಭಾರಕ್ಕೆ ಕಲ್ಲುಗಳು ಅಲುಗಾಡಿ ದುರಸ್ತಿ ಮಾಡಬೇಕಾಯಿತು. ಆ ಪ್ರಯೋಗ ಗೆದ್ದದ್ದಕ್ಕೆ ಒಂದು ಕಾರಣವನ್ನು ಯಾರೂ ಒತ್ತಿ ಹೇಳಲಿಲ್ಲ: ಬೀದಿಯ ಬೆನ್ನಿಗೇ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣವಿದೆ, ಬಸ್ಸುಗಳಿವೆ. ಕಾರು ಬೇಡವೆನ್ನುವ ಮೊದಲು ಬರುವ ದಾರಿ ಕೊಟ್ಟಿದ್ದರಿಂದ ಜನ ಬಂದರು.

ಗಾಂಧಿ ಬಜಾರಿನ ಅನುಭವ ಇದಕ್ಕಿಂತ ಸಂಕೀರ್ಣ, ಮತ್ತು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಕಲಿಸುವಂಥದ್ದು. ಬಸವನಗುಡಿಯ ಈ ಬೀದಿ ಹೂವು, ಹಣ್ಣು, ಬಾಳೆಎಲೆ, ಗ್ರಂಥಿಗೆ ಅಂಗಡಿ, ತಿಂಡಿಯ ಹೋಟೆಲುಗಳಿಂದ ಬದುಕಿರುವ ಬೀದಿ. ನಗರ ಭೂಸಾರಿಗೆ ನಿರ್ದೇಶನಾಲಯ ಇದನ್ನು ಪಾದಚಾರಿ ಸ್ನೇಹಿಯಾಗಿಸುವ ಯೋಜನೆ ರೂಪಿಸಿ, 2022ರ ಕೊನೆಯ ವೇಳೆಗೆ ಕೆಲಸ ಆರಂಭವಾಯಿತು. ಉದ್ದೇಶದಲ್ಲಿ ತಪ್ಪಿರಲಿಲ್ಲ, ಇಲ್ಲಿಗೆ ಬರುವವರು ಮೊದಲಿನಿಂದಲೂ ನಡೆದೇ ಕೊಳ್ಳುವವರು. ಆದರೆ ಕೆಲಸ ಹೇಳಿದ ಅವಧಿಯಲ್ಲಿ ಮುಗಿಯಲಿಲ್ಲ. ಹೂವಿನವರನ್ನು, ಹಣ್ಣಿನವರನ್ನು ಪಕ್ಕಕ್ಕೆ ಸರಿಸಲಾಯಿತು, ಹಬ್ಬದ ವ್ಯಾಪಾರದ ದಿನಗಳೂ ಅಗೆದ ರಸ್ತೆಯ ನಡುವೆಯೇ ಕಳೆದವು. ವಾಹನವನ್ನು ಪೂರ್ತಿ ನಿಲ್ಲಿಸುವ ಆಲೋಚನೆಗೆ ಅಂಗಡಿಯವರು ವಿರೋಧ ಸೂಚಿಸಿದರು. ಗಿರಾಕಿಯ ಕಾರು ಬಾರದಿದ್ದರೆ ಗಿರಾಕಿಯೇ ಬಾರನೆಂಬುದು ಅವರ ಭಯ.

ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಬೀದಿ ಚೆನ್ನಾದ ಮೇಲೆ ವ್ಯಾಪಾರ ಹೆಚ್ಚುತ್ತದೆ ಎಂಬುದು ಎರಡು ವರ್ಷದ ನಂತರದ ಮಾತು. ದಿನದ ಬಂಡವಾಳಕ್ಕೆ ಬೆಳಗಿನ ಜಾವ ಸಾಲ ಮಾಡಿ ಹೂವು ತರುವವಳಿಗೆ ಎರಡು ವಾರದ ನಷ್ಟವೇ ಭರಿಸಲಾಗದ್ದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದೆನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆನ್ನುತ್ತದೆ. ನಡೆಯುವವರ ಹಕ್ಕು ಮತ್ತು ಮಾರುವವರ ಹಕ್ಕು ಒಂದಕ್ಕೊಂದು ಎದುರಾದಂತೆ ಕಾಣುವುದು ಇಬ್ಬರಿಗೂ ಸೇರಿ ಆರಡಿ ಜಾಗ ಬಿಟ್ಟು, ಉಳಿದ ಮೂವತ್ತು ಅಡಿಯನ್ನು ಚರ್ಚೆಗೇ ತರದಿದ್ದಾಗ. ಸಂಜೆ ಹೊತ್ತಿನಲ್ಲಿ ಹೂವಿನ ಬುಟ್ಟಿಯ ದೀಪ ಇರುವ ಬೀದಿಯಲ್ಲಿ ಒಂಟಿಯಾಗಿ ನಡೆಯುವ ಹೆಣ್ಣುಮಕ್ಕಳಿಗೆ ಧೈರ್ಯ ಹೆಚ್ಚು ಎಂಬುದನ್ನೂ ಯೋಜನೆ ಬರೆಯುವವರು ಗಮನಿಸಬೇಕು.

ಈಗ ಬಸ್ಸಿನ ವಿಷಯಕ್ಕೆ ಬರೋಣ, ಏಕೆಂದರೆ ಬೀದಿಯನ್ನೂ ಮೆಟ್ರೊವನ್ನೂ ಹೊಲಿಯಬಲ್ಲ ದಾರ ಅದೊಂದೇ. 1997ರ ಆಗಸ್ಟ್ 15ರಂದು ಪ್ರತ್ಯೇಕ ನಿಗಮವಾದ ಬಿಎಂಟಿಸಿ ಇಂದು ಸುಮಾರು 7,000 ಬಸ್ಸುಗಳಲ್ಲಿ ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸುತ್ತಿದೆ. ಮೆಟ್ರೊ ಸುಮಾರು 96 ಕಿಲೋಮೀಟರ್‌ಗೆ ಬೆಳೆದು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮರುದಿನ ಮೊದಲ ಬಾರಿಗೆ ದಿನಕ್ಕೆ 10 ಲಕ್ಷ ಪ್ರಯಾಣಗಳನ್ನು ದಾಟಿತು. ಸುದ್ದಿ ದೊಡ್ಡದಾಯಿತು, ಆಗಬೇಕಾದದ್ದೇ. ಆದರೆ ಅದರ ನಾಲ್ಕು ಪಟ್ಟು ಜನ ದಿನನಿತ್ಯ ಬಸ್ಸಿನಲ್ಲಿದ್ದಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ನಂತರ ಅವರಲ್ಲಿ ಮಹಿಳೆಯರ ಪಾಲು ಸ್ಪಷ್ಟವಾಗಿ ಏರಿದೆ. ಅತ್ತ ಮೆಟ್ರೊದಲ್ಲಿ 2025ರ ಫೆಬ್ರವರಿ 9ರಿಂದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಪ್ರತಿಭಟನೆಯ ನಂತರ ಕೆಲವು ಹಂತಗಳಲ್ಲಿ ಅಲ್ಪ ಇಳಿಕೆಯಾದರೂ ಪ್ರಯಾಣಿಕರ ಸಂಖ್ಯೆ ಕೆಲಕಾಲ ಕುಸಿಯಿತು. ಒಂದೇ ಮನೆಯಿಂದ ಒಂದೇ ಕಡೆಗೆ ಹೊರಟ ಗಂಡ ಹೆಂಡತಿ, ಹಣದ ಲೆಕ್ಕದಲ್ಲಿ, ಬೇರೆ ಬೇರೆ ವಾಹನ ಹತ್ತಬೇಕಾದ ಸ್ಥಿತಿ ಇದು. ದರದ ತೀರ್ಮಾನಗಳೂ ಬೇರೆ ಬೇರೆ ಕಚೇರಿಗಳಲ್ಲಿ ಆಗುತ್ತವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಬಸ್ಸಿಗೆ ಉಚಿತ ಟಿಕೆಟ್ ಕೊಡಬಹುದು, ಹೊಸ ವಿದ್ಯುತ್ ಬಸ್ಸುಗಳನ್ನೂ ತರಬಹುದು. ಅದು ಕಾರುಗಳ ಹಿಂದೆ ನಿಂತೇ ಇದ್ದರೆ ಪ್ರಯೋಜನ ಅರ್ಧಕ್ಕಿಳಿಯುತ್ತದೆ. ನಿಧಾನವಾದ ಬಸ್ಸು ದಿನಕ್ಕೆ ಕಡಿಮೆ ಸುತ್ತು ಹಾಕುತ್ತದೆ. ಎಂಟು ಸುತ್ತಿನ ಬದಲು ಆರು ಸುತ್ತು ಹಾಕುವ ನೂರು ಬಸ್ಸುಗಳಿದ್ದರೆ, ಇಪ್ಪತ್ತೈದು ಬಸ್ಸುಗಳು ಡಿಪೊದಿಂದ ಹೊರಡಲೇ ಇಲ್ಲವೆಂದು ಲೆಕ್ಕ. 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್ ಮತ್ತು ಕೃಷ್ಣರಾಜಪುರ ನಡುವಿನ ಹೊರವರ್ತುಲ ರಸ್ತೆಯಲ್ಲಿ ಬಸ್ ಆದ್ಯತಾ ಪಥ ಆರಂಭವಾದಾಗ ಈ ಲೆಕ್ಕ ಕಣ್ಣಿಗೆ ಕಂಡಿತು. ಕಂಬಗಳನ್ನು ನೆಟ್ಟು ಒಂದು ಸಾಲನ್ನು ಬೇರ್ಪಡಿಸಿದ್ದಷ್ಟೇ ಕೆಲಸ. ಬಸ್ಸುಗಳ ವೇಗ ಹೆಚ್ಚಿತು, ಬಸ್ಸಿನ ಕಡೆ ಎಂದೂ ತಿರುಗಿ ನೋಡದಿದ್ದ ಕಚೇರಿಯ ಉದ್ಯೋಗಿಗಳೂ ಹತ್ತಿದರು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು, ಅದರ ಬೆನ್ನಿಗೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ಮುಂದೆ ಬರಲಿರುವ ಸಾರ್ವಜನಿಕ ಸಾರಿಗೆಗಾಗಿ ಆಗಲೇ ಇದ್ದ ಸಾರ್ವಜನಿಕ ಸಾರಿಗೆಯನ್ನು ಬಲಿಕೊಟ್ಟೆವು. ಕಾಮಗಾರಿಯ ವರ್ಷಗಳಲ್ಲೇ ರಸ್ತೆ ಅತಿ ಇಕ್ಕಟ್ಟಾಗುವುದರಿಂದ, ಬಸ್ಸಿಗೆ ಪ್ರತ್ಯೇಕ ಸಾಲು ಆಗಲೇ ಹೆಚ್ಚು ಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರತ್ಯೇಕ ಪಥದ ಅನುಭವ ಕರ್ನಾಟಕಕ್ಕೆ ಹೊಸದೂ ಅಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಮಾರ್ಗದಲ್ಲಿ ಚಿಗರಿ ಬಸ್ಸುಗಳು 2018ರ ಅಕ್ಟೋಬರ್‌ನಿಂದ ಓಡುತ್ತಿವೆ. ಬಾಗಿಲ ಮಟ್ಟಕ್ಕೇ ನಿಲ್ದಾಣದ ನೆಲ, ಹತ್ತುವ ಮೊದಲೇ ಟಿಕೆಟ್, ನಡುರಸ್ತೆಯಲ್ಲಿ ಬಸ್ಸಿಗೆಂದೇ ಪಥ. ವೇಗದಲ್ಲಿ ಅದು ಬೆಂಗಳೂರಿನ ಯಾವ ಬಸ್ಸಿಗೂ ಹೋಲಿಸಲಾಗದಷ್ಟು ಮುಂದಿದೆ. ಆದರೆ ಧಾರವಾಡದವರ ದೂರನ್ನೂ ಕೇಳಬೇಕು. ಊರೊಳಗೆ ಉಳಿದ ವಾಹನಗಳಿಗೆ ಜಾಗ ಇಕ್ಕಟ್ಟಾಗಿದೆ, ನಡುರಸ್ತೆಯ ನಿಲ್ದಾಣ ತಲುಪಲು ವೇಗದ ವಾಹನಗಳ ನಡುವೆ ದಾಟಬೇಕು, ಪಥವನ್ನೇ ತೆಗೆಯಬೇಕು ಎಂಬ ಒತ್ತಾಯ ಮತ್ತೆ ಮತ್ತೆ ಎದ್ದಿದೆ. ನಾನು ತಿಳಿದಂತೆ ಅಲ್ಲಿಯ ಕೊರತೆ ಬಸ್ ಪಥದಲ್ಲಿಲ್ಲ, ಪಥದ ಎರಡೂ ಬದಿಯ ಬೀದಿಯಲ್ಲಿದೆ. ದಾಟುವ ಜಾಗವನ್ನೂ ಪಕ್ಕದ ಫುಟ್‌ಪಾತನ್ನೂ ಪಥದಷ್ಟೇ ಶ್ರದ್ಧೆಯಿಂದ ಕಟ್ಟಿದ್ದರೆ ಅರ್ಧದಷ್ಟು ಸಿಟ್ಟು ಹುಟ್ಟುತ್ತಿರಲಿಲ್ಲ.

ಇನ್ನು ದೊಡ್ಡ ಹಣದ ಮಾತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿಲೋಮೀಟರ್ ಸುರಂಗ ರಸ್ತೆಗೆ ಅಂದಾಜು 17,700 ಕೋಟಿ ರೂಪಾಯಿ. ಮೆಟ್ರೊ ಮೂರನೇ ಹಂತ, ಅಂದರೆ ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರ ಮತ್ತು ಹೊಸಹಳ್ಳಿಯಿಂದ ಕಡಬಗೆರೆಯ ಎರಡು ಮಾರ್ಗಗಳು ಸೇರಿ 44.65 ಕಿಲೋಮೀಟರ್‌ಗೆ, ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ವೆಚ್ಚ 15,611 ಕೋಟಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಮುಖ್ಯವಾಗಿ ಸುಂಕ ಕೊಡಬಲ್ಲ ಕಾರುಗಳಿಗಾಗಿ ತೋಡುವ ದಾರಿ, ಅದಕ್ಕಿಂತ ಎರಡೂವರೆ ಪಟ್ಟು ಉದ್ದದ ಮೆಟ್ರೊಗಿಂತ ದುಬಾರಿ. ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿರುವ ಊರಿನಲ್ಲಿ ದಟ್ಟಣೆ ನಿಜವಾದ ನೋವು, ಅದಕ್ಕೆ ಪರಿಹಾರ ಹುಡುಕುವ ಸರ್ಕಾರದ ಆತುರವೂ ಅರ್ಥವಾಗುವಂಥದ್ದು. ಆದರೆ ಸುರಂಗದಿಂದ ಹೊರಬಂದ ಕಾರು ಕೊನೆಗೆ ಮೇಲಿನ ಅದೇ ರಸ್ತೆಗೇ ಬರುತ್ತದೆ, ಅಲ್ಲಿಯೇ ನಿಲ್ಲಲು ಜಾಗ ಕೇಳುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ ಜನ ಬೀದಿಗಿಳಿದು ವಿರೋಧಿಸಿದರು, ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಅಂದು ಎತ್ತಿದ ಪ್ರಶ್ನೆಗಳು ಮೇಲ್ಸೇತುವೆಗೆ ಎಷ್ಟು ಅನ್ವಯವೋ ಸುರಂಗಕ್ಕೂ ಅಷ್ಟೇ. ಈ ನಡುವೆ 148 ಕಿಲೋಮೀಟರ್ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಗಡುವು ಹೇಳಲಾಗಿತ್ತು. ಗಡುವು ಕಳೆದಾಗ ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ.

ಇವೆಲ್ಲವನ್ನೂ ಒಂದು ಕಡೆ ಕೂಡಿಸಿ ನೋಡಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು 2022ರಲ್ಲಿ ಶಾಸನಸಭೆ ಅಂಗೀಕರಿಸಿತು. ಬಸ್ಸು, ಮೆಟ್ರೊ, ರಸ್ತೆ, ವಾಹನ ನಿಲುಗಡೆ, ದರ, ಪಾದಚಾರಿ ಸೌಕರ್ಯ ಎಲ್ಲವೂ ಒಂದೇ ಮೇಜಿನ ಮೇಲೆ ಬರಬೇಕು ಎಂಬುದು ಅದರ ಆಶಯ. ಆದರೆ ದೊಡ್ಡ ಯೋಜನೆಗಳು ಮೊದಲು ಘೋಷಣೆಯಾಗಿ, ಪ್ರಾಧಿಕಾರ ನಂತರ ನೆನಪಾಗುವ ರೂಢಿ ಬದಲಾಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದವು. ಹತ್ತಿರದ ಆಡಳಿತ ಎಂಬ ಲಾಭ ಇದರಲ್ಲಿದೆ. ಒಂದೇ ರಸ್ತೆ ಎರಡು ಪಾಲಿಕೆಗಳಲ್ಲಿ ಹಾದುಹೋಗುವಾಗ ಫುಟ್‌ಪಾತ್ ಗಡಿಯಲ್ಲಿ ಮುರಿದು ಬೀಳುವ ಅಪಾಯವೂ ಇದೆ. ಅದಕ್ಕಿಂತ ಮುಖ್ಯವಾದದ್ದು, ಹಿಂದಿನ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಹೊಸ ವ್ಯವಸ್ಥೆ ಬರುವ ಹೊತ್ತಿಗೆ ಐದು ವರ್ಷ ಈ ಊರು ಚುನಾಯಿತ ಕಾರ್ಪೊರೇಟರ್ ಇಲ್ಲದೆ ಕಳೆದಿತ್ತು. ಚಪ್ಪಡಿ ಕುಸಿದರೆ ಬೆಳಿಗ್ಗೆ ಹೋಗಿ ಬಾಗಿಲು ತಟ್ಟಬಹುದಾದ ಒಬ್ಬ ಮನುಷ್ಯ ಇರುವುದು ಸಣ್ಣ ವಿಷಯವಲ್ಲ. ಮೆಟ್ರೊ ಮುಖ್ಯಮಂತ್ರಿಯ ಮಟ್ಟದ ವಿಷಯ, ಚಪ್ಪಡಿ ವಾರ್ಡಿನ ವಿಷಯ.

ಇಲ್ಲಿ ಹೊಸ ಪ್ರಾಧಿಕಾರಗಳಿಗಿಂತ ಮೊದಲು ಬೇಕಾದದ್ದು ಅಳತೆಗೋಲಿನ ಬದಲಾವಣೆ. ಮೆಟ್ರೊ ನಿಗಮ ತನ್ನ ಗೇಟಿನೊಳಗೆ ಬಂದವರನ್ನು ಎಣಿಸುತ್ತದೆ, ಬಿಎಂಟಿಸಿ ಟಿಕೆಟ್ ಎಣಿಸುತ್ತದೆ, ಪಾಲಿಕೆ ಡಾಂಬರು ಹಾಕಿದ ಕಿಲೋಮೀಟರ್ ಎಣಿಸುತ್ತದೆ, ಸಂಚಾರ ಪೊಲೀಸರು ವೃತ್ತ ದಾಟಿದ ವಾಹನಗಳನ್ನು ಎಣಿಸುತ್ತಾರೆ. ಮನೆ ಬಾಗಿಲಿನಿಂದ ಕೆಲಸದ ಬಾಗಿಲಿಗೆ ಹೋಗಲು ಒಬ್ಬರಿಗೆ ಎಷ್ಟು ನಿಮಿಷ, ಎಷ್ಟು ರೂಪಾಯಿ, ಎಷ್ಟು ಸಲ ಹತ್ತಿಳಿಯಬೇಕು ಎಂದು ಎಣಿಸುವವರು ಇಲ್ಲ. ಹಳದಿ ಮಾರ್ಗ ಆರಂಭವಾದಾಗ ಇದ್ದದ್ದು ಮೂರೇ ರೈಲುಗಳು, 25 ನಿಮಿಷಕ್ಕೊಂದು. ಮಾರ್ಗದ ಲೆಕ್ಕದಲ್ಲಿ 19.15 ಕಿಲೋಮೀಟರ್ ಸೇರ್ಪಡೆಯಾಯಿತು. ಪ್ರಯಾಣಿಕರ ಲೆಕ್ಕದಲ್ಲಿ ಕಾಯುವ 25 ನಿಮಿಷವೂ ಸೇರಿತ್ತು. ಹೆಚ್ಚು ರೈಲು ಬಂದಂತೆ ಆ ಅಂತರ ಕಡಿಮೆಯಾಗುತ್ತ ಬಂದದ್ದು ನಿಜ. ಆದರೆ ಮೆಜೆಸ್ಟಿಕ್‌ನ ಉದಾಹರಣೆ ನೋಡಿ: ನಗರ ರೈಲ್ವೆ ನಿಲ್ದಾಣದ ಪಕ್ಕ ಮೆಟ್ರೊ ಸುರಂಗ ಮಾರ್ಗ ಪೂರ್ತಿಯಾಗಿ ತೆರೆದದ್ದು 2016ರಲ್ಲಿ, ಎರಡನ್ನೂ ಕೂಡಿಸುವ ಕಾಲುಸೇತುವೆ ಬಂದದ್ದು 2019ರಲ್ಲಿ. ಟ್ರಂಕು, ಮೂಟೆ, ಮಗುವನ್ನು ಹೊತ್ತು ಊರಿನಿಂದ ಬಂದವರು ಮೂರು ವರ್ಷ ಸುತ್ತಿ ನಡೆದರು. ಆ ಸೇತುವೆ ಎಷ್ಟು ಚಿಕ್ಕದೆಂದರೆ, ಮೆಟ್ರೊದ ಯಾವ ಅಂಕಿಅಂಶದಲ್ಲೂ ಅದಕ್ಕೆ ಸ್ಥಾನ ಸಿಗಲಾರದು.

ಮೂರನೇ ಹಂತದ ಕಿತ್ತಳೆ ಮಾರ್ಗ ಈಗ ಕಾಗದದಿಂದ ನೆಲಕ್ಕಿಳಿಯುವ ಹೊತ್ತು. ಅದು ಸಾಗುವುದು ಪಶ್ಚಿಮದ ಹೊರವರ್ತುಲ ರಸ್ತೆಯಲ್ಲಿ, ಅಂದರೆ 500 ಸರಣಿಯ ಬಸ್ಸುಗಳು ದಶಕಗಳಿಂದ ಓಡುತ್ತಿರುವ ದಾರಿಯಲ್ಲಿ. ಮೆಟ್ರೊ ಕಂಬಗಳ ಮೇಲೆಯೇ ವಾಹನಗಳ ಮೇಲ್ಸೇತುವೆಯನ್ನೂ ಕಟ್ಟುವ ಯೋಜನೆ ಇದೆ, ರಾಗಿಗುಡ್ಡ ಮತ್ತು ಸಿಲ್ಕ್ ಬೋರ್ಡ್ ನಡುವೆ ಈಗಾಗಲೇ ಅಂಥ 3.3 ಕಿಲೋಮೀಟರ್ ನಿಂತಿದೆ. ಕಿತ್ತಳೆ ಮಾರ್ಗದ ಕೆಳಗೆ ಸುಮನಹಳ್ಳಿಯಲ್ಲಿ, ನಾಗರಭಾವಿ ವೃತ್ತದಲ್ಲಿ ನಿಲ್ದಾಣದ ಮೆಟ್ಟಿಲು ರಸ್ತೆಯ ಯಾವ ಬದಿಗೆ ಇಳಿಯುತ್ತದೆ, ಬಸ್ ತಂಗುದಾಣ ಮೆಟ್ಟಿಲಿನಿಂದ ಎಷ್ಟು ಹೆಜ್ಜೆ ದೂರದಲ್ಲಿರುತ್ತದೆ, ಕಾಮಗಾರಿಯ ವರ್ಷಗಳಲ್ಲಿ ಬಸ್ಸಿಗೆ ಸಾಲು ಉಳಿಯುತ್ತದೆಯೇ, ಚರಂಡಿಯ ಮೇಲೆ ಬರುವುದು ಚಪ್ಪಡಿಯೋ ಡಕ್ಟ್ ಸಹಿತ ಸಮತಟ್ಟಾದ ದಾರಿಯೋ ಎಂಬುದೆಲ್ಲ ನಕ್ಷೆಯ ಮೇಲೆ ಪೆನ್ಸಿಲ್ ಗೆರೆಯಾಗಿರುವಾಗಲೇ ತೀರ್ಮಾನವಾಗಬೇಕು. ಈ ಗೆರೆಗಳನ್ನು ವಾರ್ಡಿನ ಜನರ ಮುಂದೆ, ಬಿಎಂಟಿಸಿಯ ಮಾರ್ಗ ನಿಯಂತ್ರಕರ ಮುಂದೆ, ಆ ವೃತ್ತಗಳಲ್ಲಿ ತರಕಾರಿ ಮಾರುವವರ ಮುಂದೆ ಹರಡಿ ತೋರಿಸಲು ತಗಲುವ ಖರ್ಚು ಒಂದು ಸಭಾಭವನದ ಬಾಡಿಗೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದೇ ಮೆಟ್ಟಿಲನ್ನು ರಸ್ತೆಯ ಇನ್ನೊಂದು ಬದಿಗೆ ತರಬೇಕಾದರೆ ಮತ್ತೊಂದು ಟೆಂಡರ್, ಮತ್ತೊಂದು ಸ್ಕೈವಾಕ್, ಮತ್ತೆ ಮೂರು ವರ್ಷ.